ಬೆನ್ನಿಗೆ ಕಟ್ಟಿದ ಕ್ಯಾನು

ಲಲಿತಾಳಿಗೆ ನೀರೆಂದರೆ ಭಯವಿರಲಿಲ್ಲ. ಹಂಪಿ ಪಕ್ಕದ ಕಡ್ಡಿರಾಂಪುರದ ಹುಡುಗಿ, ಸಣ್ಣವಳಿದ್ದಾಗಲೇ ಕಾಲುವೆಯಲ್ಲಿ ಈಜು ಕಲಿತವಳು. ಆ ಕಡೆ ಮಕ್ಕಳಿಗೆ ಈಜು ಕಲಿಸುವುದೆಂದರೆ ದೊಡ್ಡ ಶಾಸ್ತ್ರವೇನಿಲ್ಲ. ಎಣ್ಣೆಯ ಖಾಲಿ ಕ್ಯಾನಿಗೆ ಮುಚ್ಚಳ ಬಿಗಿದು, ಹಳೆಯ ಸೀರೆಯ ತುಂಡಿನಿಂದ ಬೆನ್ನಿಗೆ ಕಟ್ಟಿ, ನೀರಿಗೆ ತಳ್ಳಿಬಿಡುತ್ತಾರೆ. ಕ್ಯಾನು ತೇಲುತ್ತದೆ, ಅದರ ಜೊತೆ ಮಗುವೂ ತೇಲುತ್ತ ಕೈಕಾಲು ಬಡಿಯುತ್ತದೆ. ಹೊಸಪೇಟೆಯ ಒಳಗೇ ಬೆಳೆದ ನನಗೆ ಇದನ್ನು ಕೇಳಿದರೇ ಎದೆ ಝಲ್ಲೆನ್ನುತ್ತಿತ್ತು.

"ನೀರು ಅಂದ್ರ ಬಕೀಟಿನಾಗ ಇರೋದಷ್ಟೇ ಅನ್ಕೊಂಡೀರಿ ನೀವು ಪ್ಯಾಟಿ ಮಂದಿ, ಶೈಲಕ್ಕ" ಎಂದು ಅವಳು ನನ್ನನ್ನು ಗೇಲಿ ಮಾಡುತ್ತಿದ್ದಳು.

ಸ್ಟೇಷನ್ ರೋಡಿನಲ್ಲಿ ಪಂಪ್‌ಸೆಟ್ ಅಂಗಡಿಯ ಮೇಲಿನ ಆಫೀಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುವವರು. ನಮ್ಮ ಕೆಲಸ ಏನೆಂದು ಹೇಳಿದರೆ ನೆಂಟರು ನಗುತ್ತಾರೆ. ಆನ್‌ಲೈನ್‌ನಲ್ಲಿ ಸಾಮಾನು ಕೊಳ್ಳುವವರು ಈಗ ಎಐ ಸಹಾಯಕನನ್ನು ಕೇಳುತ್ತಾರೆ. ಅದು ಹತ್ತಾರು ಕಡೆ ಹುಡುಕಿ, ಒಂದಕ್ಕೊಂದು ಹೋಲಿಸಿ, ಇದನ್ನು ತಗೊಳ್ಳಿ, ಅದು ಬೇಡ ಎನ್ನುತ್ತದೆ. ಅದು ಹೇಳಿದ್ದು ಸರಿಯೋ ತಪ್ಪೋ ನೋಡಿ, ಕಾರಣ ಬರೆದು ತಿದ್ದುವವರು ನಾವು. ತಿದ್ದಿದ್ದನ್ನು ಅದು ಕಲಿತು, ಮುಂದೆ ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತದೆ. ಮಿಕ್ಸಿ, ಕುಕ್ಕರ್ ಬಂದರೆ ನನಗೆ. ನೀರಿನ ಸಾಮಾನು ಬಂದರೆ ಲಲಿತಾಳಿಗೆ. ನಮ್ಮ ಮೇಲಿನ ಈಶ್ವರ್ ಸರ್ ಮಾಡಿದ ಹಂಚಿಕೆ ಇದು, ಅವಳಿಗೆ ಅದೊಂದು ಹೆಮ್ಮೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಬಂತು. ಯಾರೋ ಒಬ್ಬ ತಂದೆ ಕೇಳಿದ್ದ: ಮಗುವನ್ನು ದೋಣಿಯಲ್ಲಿ ಕರೆದೊಯ್ಯಬೇಕು, ಈ ಎರಡು ಜಾಕೆಟ್‌ಗಳಲ್ಲಿ ಯಾವುದು ಒಳ್ಳೆಯದು? ಒಂದಕ್ಕೆ ಎದೆಯ ಮೇಲೆ ದಪ್ಪ ಸ್ಪಂಜು, ಇನ್ನೊಂದಕ್ಕೆ ಬೆನ್ನಿಗೆ ಮಾತ್ರ. ಬೆನ್ನಿನದು ಈಜು ಕಲಿಯಲಿಕ್ಕಷ್ಟೇ, ದೋಣಿಗೆ ಬೇಡ ಎಂದಿತ್ತು ಎಐ.

ಲಲಿತಾ ನಕ್ಕಳು. "ಇದಕ್ಕೇನ್ ಗೊತ್ತೈತಿ? ಬೆನ್ನಿಗೆ ಕಟ್ಟಿದ್ರನ ಮನಶಾ ತೇಲೋದು. ನಾವೆಲ್ಲ ಬದುಕಿಲ್ಲೇನು?" ತಪ್ಪು ಎಂದು ಗುರುತು ಹಾಕಿ, ಎರಡೂ ಒಂದೇ ಕೆಲಸ ಮಾಡುತ್ತವೆ, ಬೆನ್ನಿನದು ಇನ್ನೂ ಹಗುರ ಎಂದು ಕಾರಣ ಬರೆದಳು. ನೀರಿನ ವಿಷಯದಲ್ಲಿ ಅವಳಿಗಿಂತ ಹೆಚ್ಚು ಗೊತ್ತಿದ್ದವರು ಯಾರು ಎಂದು ಈಶ್ವರ್ ಸರ್ ಕೂಡ ಒಪ್ಪಿಬಿಟ್ಟರು. ಪಕ್ಕದಲ್ಲೇ ಕೂತು ನಾನೂ ತಲೆಯಾಡಿಸಿದೆ.

ಅವಳ ಅಣ್ಣ ಹೊನ್ನೂರುಸ್ವಾಮಿ ಹಂಪಿಯಲ್ಲಿ ಹರಿಗೋಲು ನಡೆಸುತ್ತಾನೆ, ಪ್ರವಾಸಿಗಳನ್ನು ಹೊಳೆಯಲ್ಲಿ ಸುತ್ತಾಡಿಸುತ್ತಾನೆ. ಅವನ ಮಗಳು ತಾಯಕ್ಕ ಇನ್ನೂ ಶಾಲೆಗೆ ಸೇರದ ಕೂಸು, ಈಜು ಬಾರದು. ತಾಯಿಯಿಲ್ಲದ ಆ ಕೂಸನ್ನು ಎತ್ತಿ ಆಡಿಸಿ ಬೆಳೆಸಿದವಳು ಲಲಿತಾಳೇ. ಹೊಳೆ ಇಳಿದು ಹರಿಗೋಲು ಮತ್ತೆ ಶುರುವಾದ ಮೇಲೆ ಅವನು ತಂಗಿಗೆ ಹೇಳಿದನಂತೆ, "ಲೇ ಲಲ್ಲಿ, ನೀ ತಿದ್ದೋ ಯಂತ್ರಾನ ಕೇಳಿ ಜಾಕೀಟು ತರ್ಸೀನಿ. ತಾಯಕ್ಕಗೂ ಒಂದು. ಎರಡೂ ಒಂದೇ, ಬೆನ್ನಿಂದು ಇನ್ನೂ ಹಗುರ ಅಂತು." ಅವಳು ಖುಷಿಯಿಂದ ಬಂದು ನನಗೆ ಹೇಳಿದ್ದಳು.

ಆಮೇಲೆ ಒಂದು ಭಾನುವಾರ. ನಮಗೆ ಪಾಳಿ ಇತ್ತು. ಅವಳ ಮುಂದೆ ಅದೇ ಜಾಕೆಟ್ಟಿನ ಬಗ್ಗೆ ಕೊಂಡವರು ಬರೆದ ಅಭಿಪ್ರಾಯವೊಂದು ಬಂತು. ಮಗು ಕೆರೆಗೆ ಬಿತ್ತು, ಜಾಕೆಟ್ಟು ತೇಲಿತು, ಆದರೆ ಮಗುವಿನ ಮುಖ ನೀರೊಳಗೇ ಇತ್ತು, ನಾನು ಹಾರಿ ತೆಗೆಯದಿದ್ದರೆ ಉಳಿಯುತ್ತಿರಲಿಲ್ಲ ಎಂದು ಯಾವುದೋ ಊರಿನ ತಾಯಿ ಬರೆದಿದ್ದಳು. ಲಲಿತಾ ಓದಿದಳು, ಮತ್ತೆ ಓದಿದಳು.

"ಶೈಲಕ್ಕ, ಕ್ಯಾನು ಬೆನ್ನು ಎತ್ತಿ ಹಿಡಿತೈತಿ. ಮಕ ಎತ್ತೋದು ನಾವು. ಕಲಿಯೋ ಹುಡುಗ್ರು ಎತ್ತತಾವು, ದಂಡಿಮ್ಯಾಲೆ ಅಪ್ಪನೂ ಇರ್ತಾನ. ಗೊತ್ತಿಲ್ಲದ ಕೂಸು ಬಿದ್ರ, ಅಂಜಿ ಎಚ್ಚರ ತಪ್ಪಿದ್ರ, ಅದು ಮಕ ನೀರಾಗ ಹಿಡಿದು ಇಡ್ತೈತಿ." "ಇವತ್ತು ಐತವಾರ, ಅಣ್ಣ ಕರ್ಕೊಂಡು ಹೋಗೋ ದಿನ. ತಾಯಕ್ಕ ಹರಿಗೋಲಿನಾಗ ಇರ್ತಾಳ."

ಅಣ್ಣನಿಗೆ ಫೋನು ಮಾಡಿದಳು. ರಿಂಗಾಗುತ್ತಿದೆ, ಎತ್ತುವವರಿಲ್ಲ. ಹುಟ್ಟು ಹಿಡಿದಾಗ ಅವನು ಫೋನನ್ನು ದಂಡೆಯ ಎಳನೀರಿನ ಗಾಡಿಯಲ್ಲಿ ಬಿಟ್ಟಿರುತ್ತಾನೆ. ನಾನು ಸ್ಕೂಟಿಯ ಕೀಲಿ ಎತ್ತಿಕೊಂಡೆ. ಈಶ್ವರ್ ಸರ್ ಏನೋ ಕೂಗಿದರು, ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿತ್ತು?

ಹಂಪಿಯ ರಸ್ತೆ ಅವತ್ತಿನಷ್ಟು ಉದ್ದ ಯಾವತ್ತೂ ಅನ್ನಿಸಿರಲಿಲ್ಲ. ಭಾನುವಾರದ ಕಾರುಗಳು, ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು, ಅದು ದಾರಿಯನ್ನೂ ಕೊಡದು, ಜೋರಾಗಿಯೂ ಹೋಗದು. ಹಿಂದೆ ಕೂತ ಲಲಿತಾ ನನ್ನ ಭುಜವನ್ನು ಹಿಂಡುತ್ತ ಹುಲಿಗೆಮ್ಮನಿಗೆ ಹರಕೆ ಹೇಳಿಕೊಳ್ಳುತ್ತಿದ್ದಳು. ಕಡ್ಡಿರಾಂಪುರದಲ್ಲಿ ಅವಳ ಮನೆಯ ಮುಂದೆಯೇ ಹಾದೆವು, ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ನಾನಂತೂ ಎಲ್ಲಿ ಜನ ಗುಂಪಾಗಿ ನಿಂತಿದ್ದರೂ ಗಾಡಿ ನಿಧಾನ ಮಾಡಿ ಇಣುಕುತ್ತಿದ್ದೆ.

ದಂಡೆ ತಲುಪಿದಾಗ ಹರಿಗೋಲು ಹೊಳೆಯ ನಡುವಿನಲ್ಲಿತ್ತು. ಯಾವುದೋ ಊರಿನ ಸಂಸಾರ, ಇಬ್ಬರು ಮಕ್ಕಳು, ಅಂಚಿಗೆ ಒರಗಿ ಕೂತ ತಾಯಕ್ಕ. ಎಲ್ಲ ಮಕ್ಕಳ ಬೆನ್ನ ಮೇಲೂ ಕಿತ್ತಳೆ ಬಣ್ಣದ ಗೂನು. ಲಲಿತಾ ಕಿರುಚಿದಳು, "ಅಣ್ಣಾ, ತಿರುಗಿಸಬ್ಯಾಡ! ದಂಡಿಗೆ ಬಾ!"

ಗಾಳಿಯಲ್ಲಿ ಅವನಿಗೆ ಕೂಗಷ್ಟೇ ಕೇಳಿಸಿತೋ ಏನೋ. ತಂಗಿ ಖುಷಿಪಡುತ್ತಿದ್ದಾಳೆಂದುಕೊಂಡ ಪುಣ್ಯಾತ್ಮ ಕೈಬೀಸಿ, ಹುಟ್ಟು ಹಾಕಿ, ಹರಿಗೋಲನ್ನು ಗರಗರ ತಿರುಗಿಸಿದ. ಪ್ರವಾಸಿಗಳಿಗೆ ಅದೇ ಬೇಕು. ಮಕ್ಕಳು ಕೇಕೆ ಹಾಕಿದವು. ತಾಯಕ್ಕ ಎದ್ದು ನಿಂತು ಅತ್ತೆಗೆ ಕೈಬೀಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಲಲಿತಾ ಎದೆಮಟ್ಟ ನೀರಿನಲ್ಲಿದ್ದಳು, ಹರಿಗೋಲಿನ ಕಡೆಗೇ ಹೋಗುತ್ತಿದ್ದಳು. ಆಗ ಅವನಿಗೆ ಏನೋ ಸರಿಯಿಲ್ಲವೆಂದು ಹೊಳೆದು ಹುಟ್ಟು ಹಾಕುತ್ತ ಬಂದ. ದಂಡೆ ಮುಟ್ಟುವ ಮೊದಲೇ ಅವಳು ತಾಯಕ್ಕನನ್ನು ಎತ್ತಿಕೊಂಡಳು.

"ಏನಾತ್ಲೇ? ಮಂದಿ ಮುಂದ ಮರ್ಯಾದಿ ಕಳೀತಿಯಲ್ಲ" ಎಂದು ಅಣ್ಣ ರೇಗಿದ. "ಜಾಕೀಟು ಚಲೋ ಅದಾವು. ನಿನ್ನ ಯಂತ್ರಾನ ಹೇಳೈತಿ."

ಅವಳು ವಾದ ಮಾಡಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ಹರಿಗೋಲಿನಲ್ಲಿದ್ದ ದೊಡ್ಡವರದೊಂದು ಅದೇ ಥರದ ಜಾಕೆಟ್ಟು ತೊಟ್ಟು, ದಂಡೆಯ ಪಕ್ಕದ ನೀರಿಗಿಳಿದು, ಮೈ ಸಡಿಲ ಬಿಟ್ಟಳು. ಜಾಕೆಟ್ಟು ಅವಳ ಬೆನ್ನನ್ನು ಮೇಲೆತ್ತಿತು. ಮುಖ ಕೆಳಗೆ ಹೋಯಿತು. ಕೈಗಳು ಜೋತುಬಿದ್ದವು. ಕೂದಲು ನೀರಿನ ಮೇಲೆ ಹರಡಿತು. ಬೇಕೆಂದೇ ಮಾಡುತ್ತಿದ್ದಾಳೆಂದು ಗೊತ್ತಿದ್ದೂ ನಾನು ನೀರಿನ ಕಡೆ ಹೆಜ್ಜೆ ಇಟ್ಟುಬಿಟ್ಟೆ. ತಾಯಕ್ಕ "ಅತ್ತಿ, ಅತ್ತಿ" ಎಂದು ಅಳತೊಡಗಿದಳು. ಹೊನ್ನೂರುಸ್ವಾಮಿ ಧುಮುಕಿ ತಂಗಿಯನ್ನು ಎಳೆದು ಕೂರಿಸಿದ.

"ಹಿಂಗ ತೋರಿಸಬ್ಯಾಡಬೇ" ಎಂದಷ್ಟೇ ಹೇಳಿದ. ಆಮೇಲೆ ಪ್ರವಾಸಿ ಮಕ್ಕಳ ಜಾಕೆಟ್ಟುಗಳನ್ನೂ ತಾನೇ ಬಿಚ್ಚಿದ. ಅವತ್ತು ಮತ್ತೆ ಹರಿಗೋಲು ನೀರಿಗಿಳಿಯಲಿಲ್ಲ.

ಮಾರನೆಯ ದಿನ ಲಲಿತಾ ಈಶ್ವರ್ ಸರ್ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಎಐಯ ಉತ್ತರವನ್ನು ತಿದ್ದಿಸಿ ಅವಳನ್ನು ಕರೆದರು. "ಇನ್ಮುಂದ ಸರಿಯಾಗಿ ಹೇಳ್ತೈತಮ್ಮ, ಚಿಂತಿ ಬಿಡು."

"ಈಗಾಗ್ಲೆ ತಗೊಂಡೋರು, ಸರ್?"

"ಯಾರು, ಎಲ್ಲಿಯವರು ಅಂತ ನಮಗ ಗೊತ್ತಾಗಂಗಿಲ್ಲ. ಮ್ಯಾಲೆ ಕಂಪನಿಗೆ ಬರದೀನಿ." ಕಂಪನಿಯಿಂದ ಇನ್ನೂ ಏನೂ ಬಂದಿಲ್ಲ.

ಈಗ ಲಲಿತಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ತನ್ನ ಫೋನಿನಲ್ಲಿ ಎಐಯನ್ನು ಅದೇ ಪ್ರಶ್ನೆ ಕೇಳುತ್ತಾಳೆ, ಒಮ್ಮೆ ತಾಯಿಯ ಹಾಗೆ, ಒಮ್ಮೆ ದೋಣಿಯವನ ಹಾಗೆ. ಬೆನ್ನಿಗೆ ಮಾತ್ರ ಸ್ಪಂಜಿರುವುದನ್ನು ದೋಣಿಗೆ ಒಯ್ಯಬೇಡಿ ಎಂದು ಅದು ಪ್ರತಿಸಲವೂ ಹೇಳುತ್ತದೆ. ಎಲ್ಲಾದರೂ ದೋಣಿ ಮಗುಚಿದ ಸುದ್ದಿ ಬಂದರೆ ಅವಳಿಗೆ ಊಟ ಸೇರುವುದಿಲ್ಲ. ನೋಡಿ ನೋಡಿ ಸಾಕಾಗಿ ಒಂದು ದಿನ ರೇಗಿಬಿಟ್ಟೆ: "ಸರಿ ಹೇಳಾಕತ್ತೈತಲ್ಲವ್ವ, ಇನ್ನ್ಯಾಕ ಸಾಯ್ತಿ?"

ಅವಳು ಫೋನು ಕೆಳಗಿಟ್ಟಳು.

"ಕೇಳಿದೋರಿಗೆ ಸರಿ ಹೇಳ್ತೈತಿ ಶೈಲಕ್ಕ. ತಗೊಂಡು ಮಗಳಿಗೆ ತೊಡಿಸಿದೋರು ಮತ್ಯಾಕ ಕೇಳ್ತಾರ?"