ನಾಟಕದಲ್ಲಿಲ್ಲದ ಮಾತು

ಶಕುನ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಕಿವಿಯೂ ಮೋಸ ಹೋಗುತ್ತದೆ, ಅಷ್ಟೇ ಎನ್ನುತ್ತಿದ್ದೆ. ಈಗಲೂ ಹಾಗೇ ಅನ್ನುವ ಆಸೆ. ಆದರೆ ಶಹಾಪುರದ ಆ ಒಂದು ಮಧ್ಯಾಹ್ನ ಅಡ್ಡ ಬರುತ್ತದೆ.

ಕಾಲುವೆಗೆ ಆಗಷ್ಟೇ ನೀರು ಬಿಡತೊಡಗಿದ್ದರು. ಕೆಲಸಕ್ಕೆ ಬಂದ ಹೊಸ ಜನರ ಬೆನ್ನಿಗೇ ನಾಟಕ ಕಂಪನಿಯೂ ಬಂದು, ಕಾಲುವೆ ಪಕ್ಕದ ಬಯಲಿನಲ್ಲಿ ತಗಡಿನ ಥಿಯೇಟರ್ ಹಾಕಿತ್ತು. ವಡಗೇರಾದಿಂದ ಅಕ್ಕನ ಮನೆಗೆ ಬಂದಿದ್ದ ನಾನು, ಅವಳ ನಾಲ್ಕು ವರ್ಷದ ಮಗಳು ಗೌರಿಯನ್ನು ಕರೆದುಕೊಂಡು ಭಾನುವಾರ ಮಧ್ಯಾಹ್ನದ ಆಟಕ್ಕೆ ಹೊರಟೆ. ಜ್ವರದಿಂದ ಮಲಗಿದ್ದ ಅಕ್ಕ ಎರಡು ಸಲ ಹೇಳಿದಳು, “ಆಕಿ ಕೈ ಬಿಡಬ್ಯಾಡ. ಕೆನಾಲಿಗೆ ನೀರು ಬಿಟ್ಟಾರ.”

ಅತ್ತೆ ಸೊಸೆಯರ ಜಗಳದ ದೃಶ್ಯ ನಡೆದಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು, ನಾನೂ ಕೂಡ. ಅತ್ತೆಯ ಪಾತ್ರದ ಹಿರಿಯ ನಟಿ ತಟ್ಟನೆ ಮಾತು ನಿಲ್ಲಿಸಿ ನೇರವಾಗಿ ನನ್ನನ್ನೇ ನೋಡಿದಳು.

“ಟೀಚರಮ್ಮ, ಕೂಸು ಎಲ್ಲಿ ಹೋಗ್ಯಾದ? ನೀರಿನ ಕಡಿ ನೋಡು.”

ಪಕ್ಕದ ಕುರ್ಚಿ ಖಾಲಿಯಾಗಿತ್ತು.

ಹೇಗೆ ಹೊರಗೆ ಬಂದೆನೋ ನೆನಪಿಲ್ಲ. ಯಾರದೋ ಕಾಲು ತುಳಿದೆ, ತಗಡಿಗೆ ಮೊಣಕೈ ತರಚಿತು. ಗೌರಿ ಕಾಲುವೆಯ ಇಳಿಜಾರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೀರಿನಲ್ಲಿ ತೇಲಿಹೋಗುತ್ತಿದ್ದ ತನ್ನ ಚಪ್ಪಲಿಗೆ ಕೈ ಚಾಚಿದ್ದಳು. ಕೂಗಿದರೆ ಬೆದರಿ ಜಾರಿಯಾಳೆಂದು ಉಸಿರು ಬಿಗಿಹಿಡಿದು ಹೋಗಿ, ಹಿಂದಿನಿಂದ ಬಾಚಿಕೊಂಡೆ. ಅವಳನ್ನು ಎತ್ತಿಕೊಂಡೇ ಥಿಯೇಟರಿಗೆ ಮರಳಿದೆ.

ಆಟ ಮುಗಿದ ಮೇಲೆ ನಟಿಗೆ ಕೈಮುಗಿಯಲೆಂದು ರಂಗದ ಹಿಂದೆ ಹೋದೆ. ಆಕೆ ಬಣ್ಣ ಒರೆಸಿಕೊಳ್ಳುತ್ತ ಚಹಾ ಕುಡಿಯುತ್ತಿದ್ದಳು. ಆಕೆ ನನ್ನನ್ನು ಎಚ್ಚರಿಸಿದ ಮಾತನ್ನು ನೆನಪಿಸಿದೆ.

“ನಾ ಹಂಗ ಅಂದೇ ಇಲ್ರಿ,” ಎಂದಳು. “ಮಾರಿಗೆ ಲೈಟ್ ಹೊಡಿತಿರ್ತಾವ. ಮುಂದ ಕುಂತವರು ನಮಗ ಕಾಣಂಗೇ ಇಲ್ಲ. ನೀವು ಟೀಚರ್ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?”

ನನ್ನ ಎಡಕ್ಕೆ ಕೂತಿದ್ದ ಹೆಂಗಸು ಬಾಗಿಲಲ್ಲೇ ಸಿಕ್ಕಳು. ಅವಳನ್ನೂ ಕೇಳಿದೆ. “ಆಕಿ ಸೊಸಿಗೆ ಬೈಯಾಕತ್ತಿದ್ಳು. ನೀವ ಒಮ್ಮೆಲೇ ಎದ್ದು ಓಡಿದ್ರಿ,” ಎಂದಳು.

ಮರುದಿನ ಒಬ್ಬಳೇ ಮತ್ತೆ ಆಟಕ್ಕೆ ಹೋದೆ, ಯಾವ ಮಾತನ್ನು ತಪ್ಪಾಗಿ ಕೇಳಿದೆನೆಂದು ಪತ್ತೆ ಹಚ್ಚಲು. ಆ ದೃಶ್ಯ ಬಂದಾಗ ಉಗುರು ಕಚ್ಚುತ್ತ ಕೂತೆ. ಸಾರಿಗೆ ಉಪ್ಪು ಹೆಚ್ಚಾದದ್ದರ ಜಗಳ ಅದು. ಕೂಸಿನ ಮಾತಿಲ್ಲ, ನೀರಿನ ಮಾತಿಲ್ಲ.

ನನ್ನ ಮನಸ್ಸೇ ಖಾಲಿ ಕುರ್ಚಿಯನ್ನು ಕಂಡು ಹಾಗೆ ನುಡಿಯಿತು ಎನ್ನಬಹುದು. ಆದರೆ ಕುರ್ಚಿ ನೋಡಿದ್ದು ಮಾತು ಕೇಳಿದ ಮೇಲೆ. ಅಲ್ಲಿಗೆ ನನ್ನ ವಿಜ್ಞಾನ ನಿಂತುಬಿಡುತ್ತದೆ.

ಅಕ್ಕನಿಗೆ ಇಂದಿಗೂ ಇದನ್ನು ಹೇಳಿಲ್ಲ. ಹೇಳಿದರೆ ಅವಳು ಆ ದನಿ ಯಾರದೆಂದು ಕೇಳುವುದಿಲ್ಲ. ನಿನ್ನ ಕಣ್ಣು ಎಲ್ಲಿತ್ತು ಎಂದು ಕೇಳುತ್ತಾಳೆ.