ಹನ್ನೆರಡು ಜೊತೆ ತೋಳು

ಗೊಂಬೆಗಳ ತೋಳುಗಳು ಕನ್ನಮ್ಮನ ಮನೆಗೆ ಗೋಣಿಚೀಲದಲ್ಲಿ ಬಂದವು. ಸಾಗರದ ಪೇಟೆಯಂಚಿನಲ್ಲಿ ಮುಕುಂದಯ್ಯನವರ ಗೊಂಬೆ ಶೆಡ್ಡಿತ್ತು. ಅಲ್ಲಿ ಪ್ಲಾಸ್ಟರ್ ಅಚ್ಚು ಹೊಯ್ಯುವ ಕೆಲಸ ಅವಳ ಗಂಡ ಭೂತಪ್ಪನದು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ದೂರದ ಯಾವುದೋ ವಸ್ತುಪ್ರದರ್ಶನಕ್ಕೆ ಆಳೆತ್ತರದ ಹನ್ನೆರಡು ಹಳ್ಳಿ ಹೆಂಗಸರ ಗೊಂಬೆ ಬೇಕೆಂದು ಬರೆದಿದ್ದರು. ಸೀರೆ, ಮೂಗುತಿ, ಬಳೆ ಎಲ್ಲ ಸಿಕ್ಕಿತು. ಕೈಮೇಲೆ ಹಚ್ಚೆ ಬರೆಯುವವರು ಸಿಗಲಿಲ್ಲ. ಶೆಡ್ಡಿನ ಪೇಂಟರು ಬರೆದದ್ದು ಲಾರಿಯ ಹಿಂಬದಿಯ ಹೂಬಳ್ಳಿಯ ಹಾಗೆ ಕಂಡಿತು. ತನ್ನ ಹೆಂಡತಿ ಬರೆಯುತ್ತಾಳೆ ಎಂದು ಭೂತಪ್ಪ ಒಪ್ಪಿಕೊಂಡು ಬಂದ. ಅವಳನ್ನು ಕೇಳಿರಲಿಲ್ಲ. ಮನೆಗೆ ಬಂದ ಮೇಲೂ ಕೇಳಲಿಲ್ಲ. ಚೀಲವನ್ನು ಒರಳಿನ ಪಕ್ಕ ಇಳಿಸಿ, ಕಾಲು ತೊಳೆಯಲು ನೀರು ಕೇಳಿದ.

ಕನ್ನಮ್ಮ ಹಚ್ಚೆ ಹಾಕುವುದನ್ನು ತಾಯಿಯಿಂದ ಕಲಿತವಳು. ಆನಂದಪುರದಿಂದ ಹೊಸನಗರದವರೆಗೆ ಅವಳ ಸೂಜಿ ತಾಗದ ಕೇರಿ ಇರಲಿಲ್ಲ. ಈಚೆಗೆ ಯಾರೂ ಕರೆಯುತ್ತಿರಲಿಲ್ಲ, ಅಷ್ಟೇ. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದರೆ ಹಚ್ಚೆಯ ಗೆರೆ ಹರಡುವುದಿಲ್ಲ. ಪ್ಲಾಸ್ಟರಿನಲ್ಲಿ ಎಳೆಯಲು ಚರ್ಮ ಎಲ್ಲಿದೆ? ಮೊದಲ ತೋಳಿನ ಮೇಲೆ ಬಣ್ಣ ಒದ್ದೆ ಕಾಗದದ ಶಾಯಿಯಂತೆ ಹಬ್ಬಿತು. ಎರಡು ದಿನ ಕೆಡಿಸಿದ ಮೇಲೆ, ಸೀರೆಗೆ ಗಂಜಿ ಹಾಕುತ್ತಿದ್ದಾಗ ಅವಳಿಗೆ ಹೊಳೆಯಿತು. ತೋಳಿಗೂ ತೆಳ್ಳಗೆ ಗಂಜಿ ಬಳಿದು, ಅದು ಒಣಗಿಯೂ ಒಣಗದ ಹೊತ್ತಿನಲ್ಲಿ ಬರೆದಳು. ಗೆರೆ ಕೂದಲೆಳೆಯಷ್ಟು ಸಣ್ಣಗೆ ನಿಂತಿತು. ಆ ಹೊತ್ತೆಂದರೆ ಒಂದು ಪಾತ್ರೆ ಅನ್ನ ಬೇಯುವಷ್ಟು. ಅಷ್ಟರಲ್ಲಿ ಹಾಲುಕ್ಕಿದರೂ, ಕರು ಹಗ್ಗ ಬಿಚ್ಚಿಕೊಂಡರೂ, ಭೂತಪ್ಪ ಕರೆದರೂ ಏಳುವಂತಿರಲಿಲ್ಲ. ಅವಳು ಏಳುತ್ತಿದ್ದಳು. ಹಾಗಾಗಿ ಇಪ್ಪತ್ತನಾಲ್ಕು ತೋಳಿಗೆ ಮೂರು ತಿಂಗಳು ಹಿಡಿಯಿತು.

ಮಾದರಿಗೆ ಮಗಳು ಶರಾವತಿಯ ಬಲಗೈ ಇತ್ತು. ಕನ್ನಮ್ಮನ ಸ್ವಂತ ಕೈಯ ಹಚ್ಚೆ ಬೂದಿ, ಸಗಣಿ, ಬಿಸಿನೀರಿನಲ್ಲಿ ಮಾಸಿ ಹಸಿರು ಪಾಚಿಯಂತಾಗಿತ್ತು. ಶರಾವತಿಯದು ಹಾಗಲ್ಲ. ಮಣಿಕಟ್ಟಿನಲ್ಲಿ ತೊಟ್ಟಿಲು, ಅದರ ಮೇಲೆ ಚೇಳು, ಮೊಣಕೈವರೆಗೆ ಮಲ್ಲಿಗೆ ಬಳ್ಳಿ. ಹುಡುಗಿಗೆ ಒಂಬತ್ತು ವರ್ಷವಾಗಿದ್ದಾಗ ಇಬ್ಬರು ಹೆಂಗಸರು ಕಾಲು ಹಿಡಿದಿದ್ದರು, ಕನ್ನಮ್ಮ ಚುಚ್ಚಿದ್ದಳು. ಹಚ್ಚೆಯಿಲ್ಲದ ಸೊಸೆಯ ಕೈಯಿಂದ ಗಂಡನ ಮನೆಯ ಹಿರಿಯರು ನೀರು ಮುಟ್ಟುತ್ತಿರಲಿಲ್ಲ. ಮಗಳಿಗೆ ಆ ಅವಮಾನ ಬೇಡವೆಂದು ಹಾಕಿದ್ದು. ಈಗ ಹದಿನೇಳರ ಶರಾವತಿ ಮೊರದ ಮೇಲೆ ಕೈ ಚಾಚಿ ಕೂರುತ್ತಿದ್ದಳು. ಪಕ್ಕದಲ್ಲೇ ಬಿಳಿ ತೋಳು. ತಾಯಿ ಒಂದನ್ನು ನೋಡಿ ಇನ್ನೊಂದಕ್ಕೆ ಬರೆಯುತ್ತಿದ್ದಳು.

ತೋಳುಗಳು ಶೆಡ್ಡಿಗೆ ಹೋದ ತಿಂಗಳೇ ಹೊಸನಗರದಿಂದ ಸಂಬಂಧ ಬಂತು. ಹುಡುಗ ಜಟ್ಟಪ್ಪ, ತೀರ್ಥಹಳ್ಳಿಯ ಒಂದು ಆಫೀಸಿನಲ್ಲಿ ಜವಾನ. ಹುಡುಗಿ ಎಲ್ಲರಿಗೂ ಹಿಡಿಸಿದಳು. ಕಾಫಿ ಲೋಟ ತೆಗೆದುಕೊಳ್ಳುವಾಗ ಹುಡುಗನ ತಾಯಿ ಮಾಸ್ತಮ್ಮ ಆ ಕೈಯನ್ನು ನೋಡಿದಳು. ಮಗ ಆಫೀಸಿನವರ ಜೊತೆ ಓಡಾಡುವವನು, ಸಾಹೇಬರು ಮನೆಗೆ ಬಂದರೆ ಈ ಕೈಯಲ್ಲಿ ಕಾಫಿ ಕೊಡಿಸಲಿಕ್ಕಾಗುತ್ತದಾ ಎಂದಳು. ಹಾಗೆಂದವಳ ಕೈಮೇಲೂ ಚೇಳಿತ್ತು. ಹಚ್ಚೆ ತೆಗೆಸಿದರೆ ದೀಪಾವಳಿ ಕಳೆದು ಲಗ್ನ, ಇಲ್ಲದಿದ್ದರೆ ಇಲ್ಲ. ಹಾಗೆಂದು ಹೋದರು.

ಭೂತಪ್ಪ ಮಾತು ಬೆಳೆಸಲಿಲ್ಲ. "ಹಾಕ್ದೋಳು ನೀನು. ತೆಗೆಯೋಳೂ ನೀನೇಯ," ಎಂದು ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಎಣ್ಣೆಯ ಸೀಸೆ ತಂದಿಟ್ಟ. ಆ ಎಣ್ಣೆ ತಾಗಿದಲ್ಲಿ ಚರ್ಮ ಸುಟ್ಟು ಸುಲಿಯುತ್ತದೆಂದು ಗೇರುಬೀಜ ಸುಟ್ಟ ಯಾವ ಹೆಂಗಸಿಗೂ ಗೊತ್ತು. ಕನ್ನಮ್ಮ ಮೊದಲು ತನ್ನ ಮೊಣಕೈ ಹತ್ತಿರ ಬೆರಳಗಲ ಹಚ್ಚಿಕೊಂಡಳು. ಬೊಬ್ಬೆ ಎದ್ದು, ಒಡೆದು, ಮಾಯಲು ಹತ್ತಿಪ್ಪತ್ತು ದಿನ ಬೇಕಾಯಿತು. ಅದೇ ಕೈಯಲ್ಲಿ ಅರೆದಳು, ಬಟ್ಟೆ ಒಗೆದಳು. ಒಂದು ದಿನವೂ ಅಡುಗೆ ತಪ್ಪಲಿಲ್ಲವಾದ್ದರಿಂದ ಆ ಗಾಯವನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಅಲ್ಲಿ ಹಚ್ಚೆಯೇನೋ ಹೋಗಿ ತೊಗಲು ಬೆಳ್ಳಗಾಗಿತ್ತು.

ಆದರೂ ಮಗಳ ಕೈಗೆ ಅವಳಿಂದ ಆಗಲಿಲ್ಲ. ಈ ಸಂಬಂಧ ಬೇಡ, ಬೇರೆ ನೋಡೋಣವಾ ಎಂದು ಮಗಳನ್ನು ಕೇಳಿದಳು. ಶರಾವತಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅವತ್ತು ನನ್ನ ಕೇಳಿ ಹಾಕಿದ್ಯಾ?"

ಕನ್ನಮ್ಮ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಹೊರಗೆಸೆದಳು.

"ಮತ್ತೆ ಇವತ್ತು ಎಂತಕ್ಕೆ ಕೇಳ್ತೀಯೆ? ಹಚ್ಚು."

ಬೆಳಗಿನ ಕೆಲಸ ಮುಗಿಸಿ ಕೂತರು. ಭೂತಪ್ಪನ ಕೈಗೆ ಬಿಟ್ಟಿದ್ದರೆ ಬಟ್ಟೆ ಅದ್ದಿ ಇಡೀ ತೋಳಿಗೆ ತಿಕ್ಕಿಬಿಡುತ್ತಿದ್ದ. ಕನ್ನಮ್ಮನಿಗೆ ಹಾಗಾಗಲಿಲ್ಲ. ಆದಷ್ಟು ಕಡಿಮೆ ಚರ್ಮ ಸುಡಲಿ ಎಂದು ತೆಂಗಿನ ಗರಿಯ ಕಡ್ಡಿ ಚೂಪು ಮಾಡಿ, ಎಡ ಹೆಬ್ಬೆರಳಿನಿಂದ ತೊಗಲು ಬಿಗಿದು, ಹಚ್ಚೆಯ ಗೆರೆಯ ಮೇಲೆ ಮಾತ್ರ, ಗೆರೆ ತಪ್ಪದಂತೆ ಎಣ್ಣೆ ಎಳೆದಳು. ತೊಟ್ಟಿಲು, ಚೇಳು, ಬಳ್ಳಿ. ಒಂಬತ್ತರಲ್ಲಿ ಕೇರಿ ಕೇಳುವಂತೆ ಕೂಗಿದ್ದ ಹುಡುಗಿ ಈಗ ಉಸಿರೆತ್ತಲಿಲ್ಲ. ಮೊಣಕೈವರೆಗೆ ಮುಗಿಯುವುದರೊಳಗೆ ಅವಳ ತುಟಿ ಹಲ್ಲಿಗೆ ಸಿಕ್ಕಿ ಒಡೆದಿತ್ತು.

ಜ್ವರ ಬಂತು, ಕೀವಾಯಿತು, ತಿಂಗಳ ಮೇಲೆ ಪಕ್ಕು ಉದುರಿತು. ಹಸಿರು ಪೂರ್ತಿ ಹೋಗಿತ್ತು. ಅದರ ಜಾಗದಲ್ಲಿ ತೊಟ್ಟಿಲು, ಚೇಳು, ಬಳ್ಳಿ ಬೆಳ್ಳಗೆ, ಉಬ್ಬಿಕೊಂಡು, ಮೊದಲಿಗಿಂತ ಸ್ಪಷ್ಟವಾಗಿ ನಿಂತಿದ್ದವು. ಒಂದು ಎಲೆಯೂ ತಪ್ಪಿರಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಓದಬಹುದಿತ್ತು.

ದೀಪಾವಳಿಯ ಮುಂಚೆ ಮಾಸ್ತಮ್ಮ ಮಗನೊಂದಿಗೆ ಬಂದಳು. ಕನ್ನಮ್ಮ ಕೊಟ್ಟೆಕಡುಬು ಮಾಡಿದ್ದಳು. ಇಬ್ಬರೂ ಹೊಟ್ಟೆ ತುಂಬ ಉಂಡರು. ಆಮೇಲೆ ಮಾಸ್ತಮ್ಮ ಹುಡುಗಿಯ ಕೈಯನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿ ಮಗನಿಗೆ ತೋರಿಸಿದಳು.

"ನೋಡಾ, ಅಳಿಸಿ ಅಂದ್ರೆ ಕೆತ್ತಿ ಇಟ್ಟಾಳೆ."

ಜಟ್ಟಪ್ಪ ನಕ್ಕ. ಎಲೆಅಡಿಕೆ ಹಾಕಿಕೊಂಡು, ಹೇಳಿ ಕಳಿಸುತ್ತೇವೆ ಎಂದು ಹೋದರು. ಹೇಳಿ ಕಳಿಸಲಿಲ್ಲ. ಅವರು ಹೋದ ದಿನವೇ ಭೂತಪ್ಪ ಹೆಂಡತಿಯ ಕೆನ್ನೆಗೆ ಹೊಡೆದಿದ್ದ. ಎಷ್ಟು ಚೆಂದ ಬರೀತೀಯೆ ನೀನು ಎಂದು ಇನ್ನೊಂದು ಹೊಡೆದಿದ್ದ. ಮುಂದಿನ ಎರಡು ಸಂಬಂಧಗಳೂ ಆ ಕೈ ನೋಡಿ ಎದ್ದು ಹೋದವು. ಏನೋ ರೋಗವಿರಬೇಕೆಂದು ಸುದ್ದಿ ಹಬ್ಬಿತು.

ಮಾರನೆಯ ವರ್ಷ ಮತ್ತೆ ಗೋಣಿಚೀಲ ಬಂತು. ಗೊಂಬೆಗಳ ಹಚ್ಚೆಯನ್ನು ದೊಡ್ಡವರೆಲ್ಲ ಮೆಚ್ಚಿದರಂತೆ, ಇನ್ನೂ ಹನ್ನೆರಡು ಜೊತೆ ಬೇಕಂತೆ; ಅದೇ ಹಚ್ಚೆ, ಒಂದು ಗೆರೆ ಬೇರೆಯಾಗಬಾರದು ಎಂದು ಮುಕುಂದಯ್ಯನವರು ಹೇಳಿ ಕಳಿಸಿದ್ದರು. ಕನ್ನಮ್ಮ ತೋಳಿಗೆ ಗಂಜಿ ಬಳಿದು ಕುಂಚ ಹಿಡಿದು ಕೂತಳು. ಬಳ್ಳಿಯ ಮೂರನೆಯ ತಿರುವು ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ. ಮಗಳನ್ನು ಕರೆಯಲು ಬಾಯಿ ಬರಲಿಲ್ಲ.

ಶರಾವತಿ ಒಲೆಯ ಮುಂದಿನಿಂದ ಎದ್ದು ಬಂದಳು. ಕೈ ಒರೆಸಿಕೊಂಡು, ರವಿಕೆಯ ತೋಳು ಮಡಿಸಿ, ಬಲಗೈಯನ್ನು ಮೊರದ ಮೇಲೆ ಚಾಚಿದಳು.

"ಗಂಜಿ ಒಣಗ್ತದೆ," ಎಂದಳು. "ನೋಡ್ಕಂಡು ಬರಿ."