ಪಾಲಿಶಪ್ಪನಿಗೆ ಬಗ್ಗದ ಕಲೆ

ಪಾಲಿಶಪ್ಪನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಮರದ ಬಾಗಿಲು, ಮೇಜು, ಮಂಚಗಳಿಗೆ ಪಾಲಿಶ್ ಹಾಕುವುದು ಅವನ ಕಸುಬು. ಮೂವತ್ತು ವರ್ಷ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದುಹೋಗಿವೆ. ಮಾತು ಕಡಿಮೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾನೆ. ಆದರೆ ಕೊಟ್ಟ ಉತ್ತರ ನಿಜವಾಗಿರುತ್ತದೆ, ಅವನಿಗೆ ತೊಂದರೆ ಬರುವುದೆಲ್ಲ ಅದರಿಂದಲೇ.

ಮನೆ ಎರಡು ಕೋಣೆಯದು. ಮುಂದೊಂದು ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ನಿಂತಿರುವುದು ಇಪ್ಪತ್ತೆಂಟು ವರ್ಷ ಹಳೆಯ, ಗಾಢ ನೀಲಿ ಬಣ್ಣದ, ಭಾರೀ ಉದ್ದದ ಕಾರು. ಒಳಗೆ ಮರದ ಪಟ್ಟಿ, ಚರ್ಮದ ಸೀಟು, ಮುಳ್ಳಿನ ಗಡಿಯಾರ. ಬಾಗಿಲು ಹಾಕಿದರೆ ತಗಡಿನ ಸದ್ದಲ್ಲ, ತಿಜೋರಿ ಮುಚ್ಚಿದ ಹಾಗೆ ‘ದಪ್’ ಅನ್ನುತ್ತದೆ. ಕಾರು ಶೆಡ್ಡಿನಲ್ಲಿದ್ದರೆ ಮನೆಗೆ ಬಂದವರು ಹೊಟ್ಟೆ ಒಳಗೆಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಅಡ್ಡಡ್ಡ ನಡೆದೇ ಬಾಗಿಲು ಮುಟ್ಟಬೇಕು.

“ರೀ, ಈ ಮನೆಗೆ ನಾಳೆ ಸೊಸೆ ತರೋವಾಗ ಓದು ಬರಹ ಏನೂ ನೋಡೋದು ಬೇಡ. ಸೊಂಟದ ಅಳತೆ ನೋಡಿದ್ರೆ ಸಾಕು,” ಎನ್ನುತ್ತಾಳೆ ಅವನ ಹೆಂಡತಿ.

ಕಾರು ಅವನಿಗೆ ಬಂದದ್ದು ದೊಡ್ಡಮನೆಯಿಂದ. ಆ ಮನೆಯ ಬಾಗಿಲುಗಳಿಗೆಲ್ಲ ಪಾಲಿಶ್ ಹಾಕಿದವನು ಇವನೇ. ಯಜಮಾನರು ತೀರಿಕೊಂಡ ಮೇಲೆ ಅಮ್ಮಾವ್ರು ಮನೆ ಬಿಟ್ಟು ಮೂರನೇ ಮಹಡಿಯ ಫ್ಲಾಟಿಗೆ ಹೋದರು. ಕಾರನ್ನು ಮೂರನೇ ಮಹಡಿಗೆ ಹತ್ತಿಸುವ ಹಾಗಿರಲಿಲ್ಲ. ಅಮ್ಮಾವ್ರ ಅಣ್ಣನ ಮಗನನ್ನು ಕೇಳಿದರೆ, “ಆ ಹಳೇ ಡಬ್ಬಾ ಯಾರಿಗೆ ಬೇಕು ಅತ್ತೆ?” ಅಂದಿದ್ದ. ಆಗ ಅಮ್ಮಾವ್ರು ಕೀಲಿಕೈಯನ್ನು ಪಾಲಿಶಪ್ಪನ ಅಂಗೈ ಮೇಲಿಟ್ಟು, “ಅವರು ಇಟ್ಕೊಂಡಿದ್ದ ಹಾಗೇ ಇಟ್ಕೋಬೇಕು. ಇಲ್ಲದಿದ್ರೆ ವಾಪಸ್ ತಗೋತೀನಿ, ನೋಡು ಮತ್ತೆ,” ಎಂದಿದ್ದರು.

“ಆಯ್ತು ಅಮ್ಮಾವ್ರೇ,” ಎಂದಿದ್ದ ಪಾಲಿಶಪ್ಪ.

ಆ ಮಾತಿಗೆ ಆರು ವರ್ಷ. ಅಂದಿನಿಂದ ಒಂದು ಭಾನುವಾರವೂ ತಪ್ಪಿಲ್ಲ. ಬೆಳಿಗ್ಗೆ ಎರಡು ಬಕೆಟ್ ನೀರು ಹಿಡಿಯುತ್ತಾನೆ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಕಾರು ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಮರಳೆಲ್ಲ ತಳಕ್ಕೆ ಬಿಟ್ಟ ಮೇಲೆಯೇ ಸೋಪಿನ ನೀರಿಗೆ ಅದ್ದಬೇಕು. ಇಲ್ಲವಾದರೆ ಒರೆಸುವ ಬಟ್ಟೆಯೇ ಬಣ್ಣ ಗೀರುತ್ತದೆ. ಬಟ್ಟೆ ಅಂದರೆ ಹಳೆಯ ಬನಿಯನ್ನು, ಅದೂ ಹೊಲಿಗೆ ಕತ್ತರಿಸಿ ತೆಗೆದದ್ದು. ಗಾಳಿ ಬರುವ ಕಿಂಡಿಗಳಿಗೆ ಬಣ್ಣದ ಕುಂಚ. ಮುಂದಿನ ಜಾಲರಿಗೆ ಹಲ್ಲುಜ್ಜುವ ಬ್ರಷ್ಷು. ಮಗ ಬೇರೆ ಊರಿನಲ್ಲಿ ಕೆಲಸಕ್ಕಿದ್ದಾನೆ, ಮನೆಯಲ್ಲಿರುವುದು ಇಬ್ಬರು, ಬ್ರಷ್ಷು ಐದು. ಯಾವುದು ಬಾಯಿಯದು, ಯಾವುದು ಕಾರಿನದು ಎಂದು ಹೆಂಡತಿ ದಿನಾ ಮೂಸಿ ನೋಡಿಯೇ ಹಲ್ಲುಜ್ಜುತ್ತಾಳೆ.

ಕೊನೆಗೆ ಎಂಜಿನ್ ಶುರು ಮಾಡಿ ನಿಂತಲ್ಲೇ ಕಾಲು ಗಂಟೆ ಓಡಿಸಿ, ಚಕ್ರ ಒಂದೇ ಕಡೆ ಊರಿ ಚಪ್ಪಟೆಯಾಗದಿರಲಿ ಎಂದು ಕಾರನ್ನು ಒಂದು ಗೇಣು ಮುಂದೆ ಸರಿಸುತ್ತಾನೆ. ಮುಂದಿನ ವಾರ ಒಂದು ಗೇಣು ಹಿಂದೆ. ಆರು ವರ್ಷದಲ್ಲಿ ಕಾರು ಮಾಡಿದ ಪ್ರಯಾಣ ಬಹುಪಾಲು ಇಷ್ಟೇ.

ಒಂದು ಗುರುವಾರ ಅಮ್ಮಾವ್ರ ಫೋನು ಬಂತು.

“ಪಾಲಿಶಪ್ಪಾ, ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ನನ್ನ ಅಣ್ಣನ ಮಗನೂ ಬರ್ತಾನೆ. ಈಗ ಹಳೇ ಕಾರಿಗೆಲ್ಲ ಮರ್ಯಾದೆ ಬಂದಿದೆಯಂತೆ. ಕಾರು ನನಗೆ ಕೊಡಿ, ಆ ಪಾಲಿಶಪ್ಪ ಹಾಳು ಮಾಡಿರ್ತಾನೆ ಅಂತ ದಿನಾ ಕಿವಿ ಕಚ್ತಾನೆ. ನಾನೇ ನೋಡಿ ಹೇಳ್ತೀನಿ ಅಂದಿದೀನಿ.”

ಪಾಲಿಶಪ್ಪ “ಆಯ್ತು ಅಮ್ಮಾವ್ರೇ,” ಎಂದ.

ಅವತ್ತಿನಿಂದ ಅವನು ಕಾರಿನಿಂದ ಹೊರಗೆ ಬಂದರೆ ಊಟಕ್ಕೆ ಮಾತ್ರ. ಸೀಟಿಗೆ ಎರಡೆರಡು ಸಲ ಕ್ರೀಮು ಹಚ್ಚಿದ. “ನನ್ನ ಮುಖಕ್ಕೆ ಒಂದು ಸಲ ಇಷ್ಟು ಗಮನ ಕೊಟ್ಟಿದ್ರೆ ನಾನೂ ಹೊಳೀತಿದ್ದೆ,” ಎಂದಳು ಹೆಂಡತಿ.

ಒಂದೇ ಒಂದು ಜಾಗದಲ್ಲಿ ಮಾತ್ರ ಅವನ ಆಟ ನಡೆದಿರಲಿಲ್ಲ. ಹಿಂದಿನ ಸೀಟಿನ ಎಡತುದಿಯಲ್ಲಿ ಅಂಗೈಯಷ್ಟು ಅಗಲದ ಕೆಂಪು ಕಲೆ. ಸೋಪು, ಕ್ರೀಮು, ನಿಂಬೆರಸ, ಯಾವುದಕ್ಕೂ ಅದು ಬಗ್ಗಲಿಲ್ಲ. ಥಿನ್ನರ್ ಹಾಕಿದರೆ ಕಲೆಯ ಜೊತೆ ಚರ್ಮದ ಬಣ್ಣವೂ ಎದ್ದು ಬರುತ್ತದೆ ಎಂದು ಕಸುಬಿನವನಿಗೆ ಗೊತ್ತು. ಆರು ವರ್ಷ ಅದರ ಜೊತೆ ಗುದ್ದಾಡಿ ಸೋತು, ಕೊನೆಗೆ ಅದರ ಮೇಲೊಂದು ದಿಂಬು ಇಟ್ಟಿದ್ದ. ಶನಿವಾರ ಆ ದಿಂಬಿನ ಮೇಲೆ ಇನ್ನೊಂದು ದಿಂಬು ಇಟ್ಟ.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಅಮ್ಮಾವ್ರು ಕೋಲೂರಿಕೊಂಡು ಬಂದರು. ಹಿಂದೆ ಅಣ್ಣನ ಮಗ, ಕೈಯಲ್ಲಿ ಟಾರ್ಚು. ಹಗಲು ಬೆಳಕಿನಲ್ಲಿ ಟಾರ್ಚು ಹಿಡಿದು ಬಂದವನನ್ನು ಕಂಡು ಪಾಲಿಶಪ್ಪನ ಹೆಂಡತಿ, “ಏನಣ್ಣಾ, ಕಳ್ಳನ್ನ ಹುಡುಕೋಕ್ ಬಂದ್ರಾ?” ಎಂದಳು.

ಅವನ ಹೊಟ್ಟೆ ಸ್ವಲ್ಪ ದೊಡ್ಡದು, ಶೆಡ್ಡಿನಲ್ಲಿ ಅರ್ಧ ದಾರಿಗೇ ಸಿಕ್ಕಿಕೊಂಡ. ಕಾರನ್ನು ಹೊರಗೆ ತೆಗೆದ ಮೇಲೆಯೇ ಅವನಿಗೆ ಬಿಡುಗಡೆಯಾಯಿತು. ಮಂಡಿಯೂರಿ ಚಕ್ರದ ಒಳಗೆ ಟಾರ್ಚು ಬಿಟ್ಟ. ಬಾನೆಟ್ ಎತ್ತಿಸಿದ. ಬಿಳಿ ಕರ್ಚೀಫು ತೆಗೆದು ಅಲ್ಲಿ ಇಲ್ಲಿ ಒರೆಸಿ ನೋಡಿದ. ಕರ್ಚೀಫು ಬೆಳ್ಳಗೇ ಇತ್ತು. ಕೊನೆಗೆ ಅದೇ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡ. ಆಗ ಕೊಳೆಯಾಯಿತು.

ಪಾಲಿಶಪ್ಪನ ಉಸಿರು ಸಲೀಸಾಯಿತು. ಅಷ್ಟರಲ್ಲಿ ಅಮ್ಮಾವ್ರು ಡ್ರೈವರ್ ಕಡೆಯ ಬಾಗಿಲ ಹಿಡಿಯ ಹತ್ತಿರ ಬಗ್ಗಿ, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಕೇಳಿದರು.

“ಇಲ್ಲಿ ಗೀರುಗಳಿತ್ತಲ್ಲೋ? ಹಿಡಿ ಕೆಳಗೆ, ಅರ್ಧ ಚಂದ್ರನ ಹಾಗೆ?”

“ಇತ್ತು ಅಮ್ಮಾವ್ರೇ. ತೆಗೆದೆ. ನಾಲ್ಕು ಭಾನುವಾರ ಹಿಡೀತು.”

“ಅದು ಅವರ ಉಂಗುರ ತಾಗಿ ಆಗಿದ್ದು ಕಣೋ.”

ಅಮ್ಮಾವ್ರು ಬಾಗಿಲು ತೆಗೆದು ಮೂಗೆಳೆದರು. “ಒಳಗೆ ಅವರ ಪೈಪಿನ ಹೊಗೆಸೊಪ್ಪಿನ ವಾಸನೆ?”

“ಅಡುಗೆ ಸೋಡಾ ಹಾಕಿದೆ. ಇದ್ದಿಲು ಇಟ್ಟೆ. ಹೋಯ್ತು.”

“ಸ್ಟೀರಿಂಗ್ ಮೇಲೆ ಅವರ ಕೈ ಸವೆದ ಜಾಗ?”

“ಮೇಲೆ ಹೊಸ ಬಣ್ಣ ಹಚ್ಚಿದೆ,” ಎಂದ. ಪ್ರತಿ ಉತ್ತರಕ್ಕೂ ಕಾರು ತನ್ನಿಂದ ಒಂದೊಂದು ಗೇಣು ದೂರ ಸರಿಯುತ್ತಿರುವುದು ಅವನಿಗೆ ಕಾಣುತ್ತಿತ್ತು.

ಅಣ್ಣನ ಮಗನಿಗೆ ಇದಕ್ಕಿಂತ ಇನ್ನೇನು ಬೇಕು? ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡ. “ನೋಡಿದ್ರಾ ಅತ್ತೆ? ಇದು ಮಾವನ ಕಾರೇ ಅಲ್ಲ. ಶೋರೂಮಿನ ಕಾರು. ಮಾವ ಇಟ್ಕೊಂಡಿದ್ದ ಹಾಗೆ ಅಂದ್ರೆ ಹೀಗಾ? ಅವರ ಒಂದು ಗುರುತಾದ್ರೂ ಉಳಿಸಿದಾನಾ?”

ಅಮ್ಮಾವ್ರು ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತರು. ಪಾಲಿಶಪ್ಪನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಕೊಳೆ ಇದ್ದರೆ ಬೈಗುಳ ಬೀಳುವುದು ಅವನಿಗೆ ಗೊತ್ತಿತ್ತು. ಇಲ್ಲದ್ದಕ್ಕೂ ಬೀಳುತ್ತದೆ ಎಂದು ಇವತ್ತು ಗೊತ್ತಾಯಿತು. ಜೇಬಿನಿಂದ ಕೀಲಿಕೈ ತೆಗೆದು, ಅಭ್ಯಾಸಬಲದಿಂದ ಅದನ್ನೂ ಅಂಗಿಯ ತುದಿಗೆ ಒಂದು ಸಲ ಉಜ್ಜಿ, ಮುಂದೆ ಹಿಡಿದ.

ಆಗ ಹೆಂಡತಿಗೆ ತಡೆಯಲಾಗಲಿಲ್ಲ.

“ಅಯ್ಯೋ, ಇವರ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಅಮ್ಮಾ? ನಮ್ಮ ಅಲ್ಯೂಮಿನಿಯಂ ಪಾತ್ರೆ ಉಜ್ಜಿ ಉಜ್ಜಿ ತೂತಾಗಿದೆ. ಆದ್ರೆ ಒಂದು ಉಳಿದಿದೆ. ಇವರ ಶತ್ರು. ಬನ್ನಿ ತೋರಿಸ್ತೀನಿ.” ಹಿಂದಿನ ಬಾಗಿಲು ತೆಗೆದು ಎರಡೂ ದಿಂಬುಗಳನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡಳು.

ಕೆಂಪು ಕಲೆ ಹೊಚ್ಚಹೊಸದರಂತೆ ಮಿಂಚುತ್ತಿತ್ತು. ಪಾಲಿಶಪ್ಪ ನಾಚಿಕೆಯಿಂದ ನೆಲ ನೋಡಿದ.

ಅಮ್ಮಾವ್ರ ಮುಖ ಬದಲಾಯಿತು. ಮೆಲ್ಲಗೆ ಒಳಗೆ ಕೂತು, ಕಲೆಯ ಮೇಲೆ ಬೆರಳಾಡಿಸಿದರು.

“ಅದು ಮಾವನ ಕೆಂಪಿಂಕು ಅಲ್ವಾ ಅತ್ತೆ? ಪೆನ್ನು ಸೋರಿತ್ತು ಅಂತ ಮನೇಲಿ ಎಲ್ಲರಿಗೂ ಗೊತ್ತು,” ಎಂದ ಅಣ್ಣನ ಮಗ.

“ಹೂಂ, ಇಂಕು. ಅವರದ್ದೇ,” ಎಂದರು ಅಮ್ಮಾವ್ರು. ತಿರುಗಿ ಪಾಲಿಶಪ್ಪನನ್ನು ಕೇಳಿದರು: “ನೀನು ಕಸುಬಿನವನು. ಹೌದು ತಾನೇ?”

ಹೆಂಡತಿಯ ಕಣ್ಣು ಅಗಲವಾಯಿತು. ಹೌದು ಅಂದರೆ ಮುಗಿಯಿತು, ಕಾರು ಉಳಿಯುತ್ತದೆ. ‘ಹೂಂ ಅನ್ನಿ’ ಎನ್ನುವಂತೆ ಗಂಡನ ತೋಳು ಚಿವುಟಿದಳು. ಆದರೆ ಅಮ್ಮಾವ್ರು ಪ್ರಶ್ನೆ ಕೇಳಿಬಿಟ್ಟಿದ್ದರು.

“ಇಂಕಲ್ಲ ಅಮ್ಮಾವ್ರೇ,” ಎಂದ ಪಾಲಿಶಪ್ಪ. “ಇಂಕಾಗಿದ್ರೆ ಚರ್ಮದೊಳಕ್ಕೆ ಇಳೀತಿತ್ತು. ಇದು ಮೇಲೆ ಪದರ ಕಟ್ಟಿ ಕೂತಿದೆ. ಇದು ಉಗುರಿಗೆ ಹಚ್ಚೋ ಬಣ್ಣ.”

ಹೆಂಡತಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು.

ಅಮ್ಮಾವ್ರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡರೆ, ನಗು! ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು.

“ಎಷ್ಟು ದಿನದಿಂದ ಗೊತ್ತಿತ್ತೋ ನಿನಗೆ?”

“ಆರು ವರ್ಷ.”

“ಯಾರಿಗೂ ಹೇಳಲಿಲ್ವಾ?”

“ಯಾರೂ ಕೇಳಲಿಲ್ಲ ಅಮ್ಮಾವ್ರೇ.”

ಅಮ್ಮಾವ್ರು ಸೀಟಿಗೊರಗಿ ಹೇಳಿದರು. ಕಾರು ಹೊಸದಾಗಿದ್ದಾಗ ಒಂದು ಪಾರ್ಟಿಗೆ ಹೊರಟಿದ್ದರಂತೆ. ದಾರಿಯಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಾಗ ಚಕ್ರ ಗುಂಡಿಗೆ ಬಿದ್ದು ಸೀಸೆ ಪೂರ್ತಿ ಚೆಲ್ಲಿತು. ಯಜಮಾನರಿಗೆ ಹೊಸ ಕಾರೆಂದರೆ ಜೀವ. “ಏನು ಮಾಡ್ಲಿ? ‘ರೀ, ನಿಮ್ಮ ಪೆನ್ನು ಸೋರಿದೆ ನೋಡಿ’ ಅಂದ್ಬಿಟ್ಟೆ. ಪಾಪ, ಅವರೇ ನನ್ನ ಹತ್ರ ತಪ್ಪಾಯ್ತು ಅಂದ್ರು! ಸಾಯೋವರೆಗೂ ಕೆಂಪು ಪೆನ್ನು ಮುಟ್ಟಲಿಲ್ಲ.”

“ಅತ್ತೆ!” ಎಂದ ಅಣ್ಣನ ಮಗ.

“ಏನು ಅತ್ತೆ? ಇದು ನಿನ್ನ ಕೈಗೆ ಸಿಕ್ಕಿದ್ರೆ ಸೀಟಿಗೆ ಹೊಸ ಚರ್ಮ ಹೊಲಿಸ್ತೀಯ, ನನಗೆ ಗೊತ್ತಿಲ್ವಾ? ಗಾಡಿ ಇಲ್ಲೇ ಇರಲಿ. ಇವನಿಗೆ ಸುಳ್ಳು ಹೇಳೋಕ್ ಬರಲ್ಲ, ಅಷ್ಟು ಸಾಕು ನನಗೆ. ಪಾಲಿಶಪ್ಪಾ, ಕೀಲಿ ಒಳಗಿಟ್ಕೋ. ಆದ್ರೆ ಇನ್ಮೇಲೆ ಗುರುತು ಅಳಿಸೋ ಕೆಲಸ ಬೇಡ. ಕೊಳೆ ತೆಗಿ, ಗೀರು ಬಿಡು. ತಿಳೀತಾ?”

“ಆಯ್ತು ಅಮ್ಮಾವ್ರೇ.”

“ಈಗ ಒಂದು ಸುತ್ತು ಓಡಿಸು. ಏಯ್, ನೀನೂ ಬಾರಮ್ಮ, ನಿಂತೇ ಇದೀಯಲ್ಲ,” ಎಂದು ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದರು.

ಆರು ವರ್ಷದಲ್ಲಿ ಅವಳು ಆ ಕಾರಿನೊಳಗೆ ಕೂತದ್ದು ಅದೇ ಮೊದಲು. ಚಪ್ಪಲಿ ಕೈಯಲ್ಲಿ ಹಿಡಿದು, ಸೀಟಿನ ತುದಿಯಲ್ಲಿ ಕೂತಳು. ಎರಡು ಪದರ ಕ್ರೀಮಿನ ಸೀಟು. ಮೊದಲನೇ ತಿರುವಿಗೇ ಸರ್ರನೆ ಜಾರಿ ಅಮ್ಮಾವ್ರ ಮಡಿಲಿಗೆ ಬಿದ್ದಳು. ಬೀದಿಯ ಕೊನೆಯವರೆಗೂ ಇಬ್ಬರ ನಗು ನಿಲ್ಲಲಿಲ್ಲ.

ಮುಂದಿನ ಭಾನುವಾರ ಪಾಲಿಶಪ್ಪ ಎರಡು ಬಕೆಟ್ ನೀರು ಹಿಡಿದ. ಹಿಂದಿನ ಬಾಗಿಲ ಹಿಡಿಯ ಕೆಳಗೆ ಹೊಸದೊಂದು ಗೀರು ಕಂಡಿತು. ಹೆಂಡತಿಯ ಬಳೆಯದು. ಬನಿಯನ್ ಬಟ್ಟೆ ಹಿಡಿದ ಕೈ ಅದರತ್ತ ಹೋಯಿತು.

“ಮುಟ್ಟಿ ನೋಡೋಣ,” ಎಂದಿತು ಮನೆಯ ಕಿಟಕಿಯೊಳಗಿನ ದನಿ. “ಅಮ್ಮಾವ್ರಿಗೆ ಫೋನ್ ಮಾಡ್ತೀನಿ.”

ಪಾಲಿಶಪ್ಪ ಕೈ ಹಿಂದಕ್ಕೆಳೆದುಕೊಂಡ. ಕೈ ಸುಮ್ಮನಿರಲೊಲ್ಲದು. ಕೊನೆಗೆ ತಿರುಗಿ ಮನೆಯ ಮುಂಬಾಗಿಲ ಚಿಲಕ ಉಜ್ಜತೊಡಗಿದ.